ಫೈಲಿನ ಹೆಸರು: ಫೈನಲ್ ಏಳು

ಕೌಲ್ ಬಜಾರಿನ ನಮ್ಮ ಫ್ಲೆಕ್ಸ್ ಅಂಗಡಿಗೆ
ಹುಟ್ಟುಹಬ್ಬದ ಧಣಿಗಳು ಬರುತ್ತಾರೆ,
ಬೆನ್ನಿಗೆ ನಲವತ್ತು ಬೆಂಬಲಿಗರ ಪಾಸ್‌ಪೋರ್ಟ್ ಫೋಟೊ;
ವರ್ಷ ತಿರುಗುವುದರೊಳಗೆ ಅವರಲ್ಲೇ ಒಬ್ಬಿಬ್ಬರು
ಭಾವಪೂರ್ಣ ಶ್ರದ್ಧಾಂಜಲಿಗೆ.
ಮುಖ ಕತ್ತರಿಸಿ ಅಂಟಿಸುವುದು ನನ್ನ ಕೆಲಸ.
ಮೊಡವೆ ಅಳಿಸುತ್ತೇನೆ. ಕೊರಳಿಗೆ ಚಿನ್ನ ಹಾಕುತ್ತೇನೆ.

ಮಾರ್ಚಿನ ಬಿಸಿಲಲ್ಲಿ ಸಾಂತ್ವನ ಕೇಂದ್ರದ ನಾಗವೇಣಿ ಮೇಡಂ ಬಂದು
"ಎಂಟಡಿಗೆ ಆರು, ಹತ್ತು ಪ್ರತಿ,
ಕನ್ನಡ, ತೆಲುಗು, ಉರ್ದು ಮೂರೂ ಇರಲಿ" ಎಂದರು.
ವಿಷಯ ಹೇಳುವಾಗ ದನಿ ತಗ್ಗಿಸಲಿಲ್ಲ.
ತಗ್ಗಿಸಿದ್ದು ನಾನು: ಮೊದಲು ರೇಡಿಯೋ, ಆಮೇಲೆ ತಲೆ.

ನೆಟ್ಟಿನಲ್ಲಿ ಹುಡುಕಿದರೆ ಒಂದೇ ಹುಡುಗಿ ಸಾವಿರ ಸಲ:
ಮೂಲೆ. ಮೊಣಕಾಲಲ್ಲಿ ಮುಖ. ಹರಿದ ತೋಳು.
ಗೋಡೆಯ ಮೇಲೆ ಗಂಡಸಿನ ನೆರಳು, ಬೆರಳೆಲ್ಲ ಉಗುರು.
ಕಪ್ಪು ತುಂಬಿದೆ, ಮೇಲಿಂದ ಕೆಂಪು ಅಕ್ಷರ ಸೋರಿಸಿದೆ.
ಶೇಕ್ಷಾವಲಿ ಇಣುಕಿ "ಸಿನಿಮಾ ಪೋಸ್ಟರ್ ಇದ್ದಂಗೈತಿ" ಎಂದ.
ಹೊಗಳಿಕೆ ಅಂದುಕೊಂಡೆ.

ಮರುದಿನ ಮೇಡಂ ಜೊತೆ ಇನ್ನೊಬ್ಬಾಕೆ,
ಜೀನ್ಸ್ ಯೂನಿಟ್ಟಿನವಳು; ಉಗುರಿನ ಅಂಚಿನಲ್ಲಿ ನೀಲಿ.
ಹೆಸರು ಹೇಳಿದಳು. ಇಲ್ಲಿ ಬರೆಯುವುದಿಲ್ಲ.
ಸ್ಕ್ರೀನನ್ನು ಬಹಳ ಹೊತ್ತು ನೋಡಿ
"ಈಕಿ ಯಾರು?" ಅಂದಳು.
ನನ್ನ ಬಾಯಲ್ಲಿದ್ದ ಉತ್ತರ ಅಲ್ಲೇ ಉಳಿಯಿತು.
"ನಾ ಮರುದಿನ ಎದ್ದು ಮಗಳಿಗೆ ಜಡಿ ಹಾಕೀನಿ.
ನಳ ಬಂದಿತ್ತು, ನೀರು ಹಿಡದೀನಿ.
ಸೋಮವಾರ ಇನ್ನೂರಾ ಹತ್ತು ಜೇಬು ಹೊಲದೀನಿ.
ಕುಂದ್ರಾಕ ನಮ್ಮನ್ಯಾಗ ಮೂಲಿ ಎಲ್ಲೈತಣ್ಣ,
ಒಂದರಾಗ ಒಲಿ, ಒಂದರಾಗ ಮಷಿನ್ನು, ಒಂದರಾಗ ಅತ್ತಿ."

ಹುಡುಗಿಯನ್ನು ಅಳಿಸಿದೆ. ನೆರಳು ಉಳಿಯಿತು.
"ಅದನ್ನೂ ತಗೀರಿ. ಆತ ನೆರಳಲ್ಲ.
ಬಿಳಿ ಅಂಗಿ, ಕಿಸೆದಾಗ ಎರಡು ಪೆನ್ನು."

ಮತ್ತೇನು ಹಾಕಲಿ?
ಠಾಣೆಯ ಬೆಂಚು, ಎಂದಳು ಯೋಚಿಸಿ.
ಪಕ್ಕದ ಮಷಿನ್ನಿನ ಹುಸೇನ್‌ಬೀ
ಐದು ತಾಸು ಜೊತೆಗೆ ಕೂತಿದ್ದಳಂತೆ,
ಕೂಲಿ ಬಿಟ್ಟು, ಏನೂ ಕೇಳದೆ,
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಡುತ್ತ.
"ಉಳದೋರೆಲ್ಲ ಮೊದಲು ಕೇಳಿದ್ದು ಒಂದ ಮಾತು."
ಯಾವುದು?
"ಅಷ್ಟೊತ್ನ್ಯಾಗ ಅಲ್ಲಿಗ್ಯಾಕ ಹೋಗಿದ್ದಿ?"

ತಲೆಬರಹಕ್ಕಾದೀತೆಂದು ಟೈಪ್ ಮಾಡಿದೆ.
ಇಪ್ಪತ್ತು ಪಾಯಿಂಟಿನಿಂದ ಇನ್ನೂರಕ್ಕೆ ಹಿಗ್ಗಿಸುತ್ತ ಹೋದಂತೆ
ದನಿ ನನ್ನದೆಂದು ಗೊತ್ತಾಯಿತು.
ಹನ್ನೊಂದು ವರ್ಷದ ಹಿಂದೆ, ಮಿಲ್ಲರ್‌ಪೇಟೆಯ ಮನೆ,
ಹೊಸ್ತಿಲಲ್ಲಿ ಒಂದೇ ಕಾಲಿನ ಚಪ್ಪಲಿ ಬಿಚ್ಚಿ
ಅಕ್ಕ ಏನೋ ಹೇಳಲು ಶುರು ಮಾಡಿದ್ದಳು.
ನಾನು ಕೇಳಿದ್ದು ಇದೇ, ಪ್ರಶ್ನೆಯ ಕೊಕ್ಕೆ ಸಮೇತ.
ಅವಳು ಚಪ್ಪಲಿ ಮತ್ತೆ ಮೆಟ್ಟಿ ಕೊಡ ತಗೊಂಡು ಹೋದಳು.
ಈಗ ಸಿರುಗುಪ್ಪದಲ್ಲಿದ್ದಾಳೆ, ಎರಡು ಮಕ್ಕಳು,
ಪಂಚಮಿಗೆ ತಪ್ಪದೆ ಉಂಡಿ ಕಳಿಸುತ್ತಾಳೆ.

ಫೈನಲ್ ಏಳು ಹೀಗಿದೆ:
ಹಳದಿ ಗೋಡೆ. ಉದ್ದನೆ ಬೆಂಚು.
ನಮಗೆ ಬೆನ್ನು ಹಾಕಿ ಕೂತ ಇಬ್ಬರು, ಕತ್ತು ನೆಟ್ಟಗೆ. ನಡುವೆ ಫ್ಲಾಸ್ಕು.
ಕೆಳಗೆ ಮೂರು ಲಿಪಿಯಲ್ಲಿ: ನೀ ಹೇಳು, ನಾ ನಂಬತೀನಿ.
೧೮೧, ಬಸ್ಸಿನಿಂದಲೂ ಓದುವಷ್ಟು ದಪ್ಪ.
ಬೆಂಚಿನ ಎಡತುದಿ ಖಾಲಿ ಬಿಟ್ಟಿದ್ದೆ.
ಅಲ್ಲಿ ಸಾಹೇಬರ ಫೋಟೊ ಕೂರಿಸಿ ಎಂದರು ಆಫೀಸಿನವರು.
ಮೇಡಂ ಜಗಳಾಡಿ ಖಾಲಿಯೇ ಇಡಿಸಿದರು.

ಮೋತಿ ಸರ್ಕಲ್ಲಿನಲ್ಲಿ ಕಟ್ಟಿದ ಮೂರನೇ ದಿನ
ಒಬ್ಬ ಧಣಿಯ ಹುಟ್ಟುಹಬ್ಬ ಬಂದು ಒತ್ತರಿಸಿತು.
ಅದೂ ನನ್ನದೇ ಡಿಸೈನು.
ನಂಬರಿನ ಕೊನೆಯ ಒಂದು ಮುಚ್ಚಿಹೋಗಿತ್ತು.
ರಾತ್ರಿ ಶೇಕ್ಷಾವಲಿ ಏಣಿ ಹಿಡಿದ; ಹತ್ತಿ
ಧಣಿಯನ್ನು ಎರಡಡಿ ಬಲಕ್ಕೆ ಸರಿಸಿ ಕಟ್ಟಿದೆ.

ಏಣಿಯ ಮೇಲಿಂದಲೇ ಸಿರುಗುಪ್ಪಕ್ಕೆ ಫೋನ್ ಹಚ್ಚಿದೆ.
"ಇಷ್ಟೊತ್ನ್ಯಾಗ ಯಾಕ ಹಚ್ಚಿದಿ?" ಅಂದಳು ಅಕ್ಕ.
ಕಟ್ಟುತಂತಿ ಅಂಗೈಗೆ ಚುಚ್ಚುತ್ತಿತ್ತು.
"ಊಟಾತೇನು?" ಅಂದೆ.
ಆತು, ಅಂದಳು.
ಇಬ್ಬರೂ ಫೋನ್ ಇಡಲಿಲ್ಲ.